ಕಂಚುಗಾರರ ಬೀದಿಯ ಮರಿಕಾರು

ನಮ್ಮ ಊರಿನ ಬೀದಿಗಳು ವರ್ಷಕ್ಕೆ ಎರಡು ಬೆರಳಿನಷ್ಟು ಕಿರಿದಾಗುತ್ತವೆ. ಯಾವ ದಿನ ಆಗುತ್ತವೆ ಎಂದು ಕಂಡವರಿಲ್ಲ. ದಸರೆ ಮುಗಿದು ಕಾರ್ತಿಕ ಹುಟ್ಟುವುದರೊಳಗೆ ಆಗಿಹೋಗಿರುತ್ತದೆ. ಕಾರ್ತಿಕದ ಮೊದಲನೇ ಸೋಮವಾರ ಬೆಳಿಗ್ಗೆ ಪುರಸಭೆಯ ಅಳತೆಗಾರ ಬಿದಿರುಕೋಲು ಹಿಡಿದು ಹೊರಟು, ಪ್ರತಿ ಬೀದಿಯ ಬಾಯಲ್ಲೂ ಹಳೆಯ ಅಂಕಿ ಅಳಿಸಿ ಹೊಸ ಅಂಕಿ ಬರೆಯುತ್ತಾನೆ. ಇಪ್ಪತ್ತಾರು ವರ್ಷದಿಂದ ಆ ಕೋಲು ಹಿಡಿದವನು ನಾನೇ. ಹೆಸರು ಕೊಟ್ರೇಶ.

ಹೊರಗಿನವರಿಗೆ ಇದು ಸೋಜಿಗ, ನಮಗಲ್ಲ. ನಾವು ಬೀರು ಕೊಳ್ಳುವ ಮೊದಲು ಬೀದಿ ಅಳೆಯುತ್ತೇವೆ. ಮದುವೆಯ ಮಂಚವನ್ನು ಬಡಗಿ ಬಿಡಿಬಿಡಿಯಾಗಿ ತಂದು ಕೋಣೆಯೊಳಗೇ ಜೋಡಿಸುತ್ತಾನೆ. ಜಗಲಿಗಳನ್ನು ನಮ್ಮ ಅಜ್ಜಂದಿರ ಕಾಲದಲ್ಲೇ ಒಡೆದು ಹಾಕಿದ್ದಾರೆ; ಹರಟುವವರು ಅವರವರ ಕಿಟಕಿಯಲ್ಲಿ ಕೂತು ಎದುರು ಕಿಟಕಿಯವರ ಜೊತೆ ಹರಟುತ್ತಾರೆ. ತೀರ ಕಿರಿದಾದ ಬೀದಿಗಳಲ್ಲಿ ಹೊಸ್ತಿಲು ದಾಟದೆಯೇ ಎದುರುಮನೆಗೆ ಸಾರಿನ ಬಟ್ಟಲು ಕೊಡಬಹುದು. ಹಳೆಯ ಜಗಳ ಇಟ್ಟುಕೊಂಡವರಿಗೆ ಮಾತ್ರ ಕಷ್ಟ. ವರ್ಷದಿಂದ ವರ್ಷಕ್ಕೆ ಹತ್ತಿರವಾಗುವ ಮುಖವನ್ನು ಎಷ್ಟು ದಿನ ಅಂತ ನೋಡದೆ ಇರಲಾದೀತು? ಎದುರುಮನೆಯವರ ಮೇಲೆ ಕೋರ್ಟಿಗೆ ಹೋದವರು ನಮ್ಮಲ್ಲಿ ಕಡಿಮೆ.

ನಾನು ಹೇಳಹೊರಟಿದ್ದು ನನ್ನ ಅಕ್ಕ ಚಂದ್ರಮತಿ ಮತ್ತು ಭಾವ ಮರುಳಸಿದ್ದಪ್ಪನವರ ವಿಷಯ. ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನಿವೃತ್ತಿಯಾದ ಮೇಲೂ ಕೆಲಸ ಅವಳನ್ನು ಬಿಡಲಿಲ್ಲ. ಸಕ್ಕರೆ ಕಾಯಿಲೆಯ ಗಾಯ ತೊಳೆದು ಪಟ್ಟಿ ಕಟ್ಟುವುದು, ಸೂಜಿ ಚುಚ್ಚುವುದು, ಮಲಗಿದಲ್ಲೇ ಮಲಗಿದವರ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸಿಕೊಡುವುದು, ಹೀಗೆ ದಿನಕ್ಕೆ ಎಂಟು ಹತ್ತು ಮನೆ ಸುತ್ತುತ್ತಿದ್ದಳು. ಅವಳನ್ನು ಕರೆದೊಯ್ಯುತ್ತಿದ್ದವರು ಭಾವ, ತಮ್ಮ ಕಾರಿನಲ್ಲಿ. ಅದು ಕೆನೆಬಣ್ಣದ ದೊಡ್ಡ ಕಾರು. ಮದುವೆಯ ಕಾಲ ಬಂತೆಂದರೆ ಅದಕ್ಕೆ ಬಿಡುವಿರುತ್ತಿರಲಿಲ್ಲ. ಮೂವತ್ತೈದು ವರ್ಷದಲ್ಲಿ ನಮ್ಮ ಊರಿಗೆ ಬಂದ ಮದುವಣಗಿತ್ತಿಯರಲ್ಲಿ ಅರ್ಧದಷ್ಟು ಜನ ಆ ಕಾರಿನಲ್ಲೇ ಬಂದವರು. ಭಾವ ಬಿಳಿ ಅಂಗಿ ಹಾಕಿ, ಕನ್ನಡಿಗೆ ಮಲ್ಲಿಗೆ ಸರ ಸುತ್ತಿ, ಹಿಂದೆ ಕೂತ ಹುಡುಗಿ ಅಳುತ್ತಿದ್ದರೆ ಮಾತಾಡಿಸದೆ ನಿಧಾನ ಓಡಿಸುತ್ತಿದ್ದರು. ಅದರ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ಇರಬೇಕಾದದ್ದೇ.

ಕಂಚುಗಾರರ ಬೀದಿಯಲ್ಲಿ ಅವರ ಮನೆಗೆ ಹೊಂದಿಕೊಂಡು ಕಾರಿಗೊಂದು ಶೆಡ್ಡು. ಬೀದಿ ವರ್ಷ ವರ್ಷಕ್ಕೆ ಕಿರಿದಾಗುತ್ತಿದ್ದಾಗ ನಾನು ಭಾವನಿಗೆ ಎರಡು ಸಲ ಹೇಳಿದ್ದೆ, ಕಾರನ್ನು ಊರ ಹೊರಗಿನ ಸುತ್ತುರಸ್ತೆಗೆ ಸಾಗಿಸಿಬಿಡಿ, ಅಲ್ಲಿ ಕಿರಿದಾಗುವ ಕಾಟವಿಲ್ಲ ಎಂದು. ಅವರು ಇನ್ನೊಂದು ವರ್ಷ ತಡಿ ಎಂದರು. ನಾಲ್ಕು ವರ್ಷದ ಹಿಂದಿನ ಕಾರ್ತಿಕದಲ್ಲಿ ನಾನು ಕೋಲಿಟ್ಟು ಅಳೆದು ತಲೆಯೆತ್ತಿದಾಗ ಅವರು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಆದರೂ ಕಾರು ಹೊರಗೆ ತೆಗೆದು ನೋಡಿದರು. ಎರಡೂ ಕಡೆಯ ಕನ್ನಡಿ ಮಡಚಿದರು. ಮುಂದಿನ ಮನೆಯ ಗೋಡೆ ತಾಗಿ ಬಣ್ಣ ಕಿತ್ತು ಬಂತು. ಹಿಂದಕ್ಕೆ ತೆಗೆದು ಶೆಡ್ಡಿನಲ್ಲಿ ನಿಲ್ಲಿಸಿ ಬಾಗಿಲು ಹಾಕಿದರು.

ಅಲ್ಲಿಂದಾಚೆಗೆ ಭಾವ ಹೊರಗೆ ಹೋಗುವುದೇ ನಿಂತುಹೋಯಿತು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಶೆಡ್ಡಿಗೆ ಹೋಗಿ ಕಾರು ಒರೆಸುತ್ತಿದ್ದರು. ಆಮೇಲೆ ಒಳಗೆ ಕೂತು ಪೇಪರ್ ಓದುತ್ತಿದ್ದರು. ಅಕ್ಕ ಊಟಕ್ಕೆ ಕರೆದರೆ ಬಂದು ಉಂಡು, ಮತ್ತೆ ಅಲ್ಲಿಗೇ. ಪೇಟೆಗೆ ಹೋಗೋಣ ಎಂದರೆ ಕಾಲಿಗೆ ನಡೆದು ಅಭ್ಯಾಸವಿಲ್ಲ ಎನ್ನುತ್ತಿದ್ದರು. ಅಕ್ಕ ಮಾತ್ರ ನಡೆದೇ ಮನೆಮನೆ ಸುತ್ತಿದಳು. ಒಂದು ವರ್ಷ ಸುತ್ತುವಷ್ಟರಲ್ಲಿ ಮೊಣಕಾಲು ಊದಿಕೊಂಡಿತು. ಸ್ಕೂಟರ್ ಕಲಿಯಲು ಹೋಗಿ ಸುಣ್ಣದ ಬೀದಿಯ ತಿರುವಿನಲ್ಲಿ ಬಿದ್ದಳು. ಮಳೆಗಾಲದಲ್ಲಿ ಹತ್ತಿಯೂ ಪಟ್ಟಿಯೂ ಚೀಲದಲ್ಲೇ ನೆನೆದುಹೋಗುತ್ತಿದ್ದವು. ಎರಡು ಮೂರು ಮನೆಗಳನ್ನು ಬಿಡಬೇಕಾಯಿತು. ಬಿಟ್ಟ ಒಂದು ಮನೆಯ ಮುದುಕನ ಕಾಲ್ಬೆರಳು ಕೊಳೆತು ಕತ್ತರಿಸಿದರು ಎಂಬ ಸುದ್ದಿ ಬಂದಾಗ ಅವಳು ಒಲೆ ಮುಂದೆ ನಿಂತವಳು ನಿಂತೇ ಇದ್ದಳು. ಹಾಲು ಉಕ್ಕಿ ಹೋಯಿತು.

ಅಷ್ಟರಲ್ಲಿ ನಮ್ಮ ಊರಿಗೆ ಬ್ಯಾಟರಿಯ ಪುಟ್ಟ ಕಾರುಗಳು ಬರತೊಡಗಿದ್ದವು. ಮರಿಕಾರು ಎಂದು ಜನ ಹೆಸರಿಟ್ಟರು. ಅಗಲ ನಾಲ್ಕೂವರೆ ಅಡಿ. ಮುಂದೆ ಇಬ್ಬರು, ಹಿಂದೆ ಮತ್ತೊಬ್ಬರು ಇಲ್ಲವೆ ಒಂದು ಗ್ಯಾಸ್ ಸಿಲಿಂಡರು. ಮೊದಮೊದಲು ಎಲ್ಲರೂ ನಕ್ಕರು, ಇದು ಕಾರೋ ಕಬ್ಬಿಣದ ಪೆಟ್ಟಿಗೆಯೋ ಎಂದು. ಆದರೆ ನಗುತ್ತಿದ್ದವರೇ ಒಂದು ದಿನ ಮಳೆಯಲ್ಲಿ ಅದರೊಳಗೆ ಕೂತು ಮನೆಗೆ ಬಂದು, ಮಾರನೇ ದಿನ ಬೆಲೆ ವಿಚಾರಿಸಿದರು. ಬೆಲೆ ನಮ್ಮಂಥವರ ಕೈಗೆಟುಕುವಂಥದ್ದೇ. ಪೆಟ್ರೋಲಿನ ಗೋಜಿಲ್ಲ, ರುಬ್ಬುವ ಯಂತ್ರದ ಪ್ಲಗ್ಗಿಗೇ ವೈರು ಚುಚ್ಚಿ ಬಿಟ್ಟರೆ ಬೆಳಿಗ್ಗೆಗೆ ತುಂಬಿರುತ್ತದೆ. ದೂರದ ಊರಿಗೆ ಆಗುವುದಿಲ್ಲ, ನಿಜ. ನಮ್ಮ ಊರಿನೊಳಗೆ ಎಷ್ಟು ಸುತ್ತಿದರೂ ಎರಡು ದಿನ ಬರುತ್ತದೆ. ಮನೆಯ ಎದುರಿಗೆ ಸರಿಯಾಗಿ ನಿಲ್ಲಿಸಿದರೆ ಅದರ ಬಾಗಿಲು ಮನೆಯ ಬಾಗಿಲಿನೊಳಕ್ಕೇ ತೆರೆದುಕೊಳ್ಳುತ್ತದೆ. ಒಂದು ಹನಿ ಮೈಗೆ ಬೀಳದೆ ಸೀದಾ ನಡುಮನೆಗೆ ಇಳಿಯಬಹುದು.

ಅಕ್ಕ ತನ್ನ ನಿವೃತ್ತಿಯ ಹಣದಲ್ಲಿ ಹಸಿರು ಬಣ್ಣದ ಒಂದನ್ನು ಕೊಂಡಳು. ಭಾವನಿಗೆ ಮೊದಲೇ ತಿಳಿಸಿದ್ದಳಂತೆ. ಅವರು ಬೇಡ ಎನ್ನಲಿಲ್ಲ, ಬೇಕು ಎನ್ನಲೂ ಇಲ್ಲ. ಅರವತ್ತಮೂರನೇ ವಯಸ್ಸಿನಲ್ಲಿ ಹೈಸ್ಕೂಲು ಮೈದಾನದಲ್ಲಿ ಅವಳಿಗೆ ಓಡಿಸಲು ಕಲಿಸಿದವನು ನಾನು. ಮೂವತ್ತೈದು ವರ್ಷ ಕಾರು ಓಡಿಸಿದ ಗಂಡ ಮನೆಯಲ್ಲಿರುವಾಗ ತಮ್ಮನ ಹತ್ತಿರ ಕಲಿಯುವುದು ಅವಳಿಗೆ ಎಷ್ಟು ಚುಚ್ಚಿತೆಂದು ನನಗೆ ಗೊತ್ತು. ಕಲಿತ ಎಂಟನೇ ದಿನಕ್ಕೆ ಬಿಟ್ಟಿದ್ದ ಮನೆಗಳಿಗೆಲ್ಲ ಹೋಗಿ ಬಂದಳು.

ಭಾವ ಆ ಕಾರಿನತ್ತ ತಿರುಗಿಯೂ ನೋಡಲಿಲ್ಲ. ಅದರ ಮಾತು ಬಂದರೆ 'ಆ ಡಬ್ಬಿ' ಎನ್ನುತ್ತಿದ್ದರು. ಶೆಡ್ಡಿನಲ್ಲಿ ದೊಡ್ಡ ಕಾರು ಇದ್ದುದರಿಂದ ಮರಿಕಾರು ಬೀದಿಯಲ್ಲೇ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿತ್ತು; ಬೇರೆ ಗಾಡಿ ಬಂದರೆ ಅಕ್ಕ ಅದನ್ನು ಬೀದಿಯ ಬಾಯಿಯವರೆಗೆ ಸರಿಸಬೇಕಿತ್ತು. ಅಡುಗೆಮನೆಯಿಂದ ಬಂದ ವೈರು ಹೊಸ್ತಿಲ ಮೇಲೆ ಹಾದುಹೋಗುತ್ತಿತ್ತು. ಭಾವ ಅದನ್ನು ದಾಟುವಾಗಲೆಲ್ಲ ಹಾವು ದಾಟಿದ ಹಾಗೆ ಕಾಲೆತ್ತಿ ದಾಟುತ್ತಿದ್ದರು.

ಎರಡು ವರ್ಷದಲ್ಲಿ ಕಂಚುಗಾರರ ಬೀದಿಯೊಂದರಲ್ಲೇ ಆರು ಮರಿಕಾರುಗಳಾದವು. ಆಗ ಹೊಸ ತೊಂದರೆ ಹುಟ್ಟಿತು. ಎರಡು ಕಾರು ಎದುರುಬದುರಾದರೆ ಒಂದು ಬೀದಿಯ ಬಾಯಿಯವರೆಗೂ ಹಿಂದಕ್ಕೆ ಹೋಗಬೇಕು. ಎಲ್ಲ ಬೀದಿಗಳಲ್ಲೂ ಇದೇ ಪಾಡು. ಕಮಾನು ಬೀದಿಯಲ್ಲಿ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಕೂರಿಸಿಕೊಂಡು ಹೊರಟ ಕಾರು ಮುಕ್ಕಾಲು ಗಂಟೆ ಹಾಗೇ ನಿಂತು, ಮಗು ಕಾರಿನಲ್ಲೇ ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು, ಆದರೆ ಊರೇ ಬೈಯಿತು. ಪುರಸಭೆಯವರು ಸಭೆ ಸೇರಿ ಒಂದು ನಿಯಮ ಮಾಡಿದರು: ಬೀದಿಯ ನಡುವೆ ಒಂದು ಕಾರು ಪಕ್ಕಕ್ಕೆ ಸರಿದು ನಿಲ್ಲುವಷ್ಟು ಜಾಗ ಇಲ್ಲದಿದ್ದರೆ, ಬರುವ ಕಾರ್ತಿಕದಿಂದ ಆ ಬೀದಿಯನ್ನು ಎಲ್ಲ ವಾಹನಗಳಿಗೂ ಮುಚ್ಚತಕ್ಕದ್ದು. ಯಾವ ಬೀದಿಯಲ್ಲಿ ಜಾಗ ಉಂಟು, ಯಾವುದರಲ್ಲಿ ಇಲ್ಲ ಎಂದು ಬರೆದುಕೊಡುವ ಕೆಲಸ ಅಳತೆಗಾರನದು.

ಕಂಚುಗಾರರ ಬೀದಿಯಲ್ಲಿ ಅಂಥ ಜಾಗ ಒಂದೇ ಒಂದು. ಅದರಲ್ಲಿ ಭಾವನ ಕಾರಿತ್ತು.

ಭಾದ್ರಪದದ ಒಂದು ಮಧ್ಯಾಹ್ನ ನಾನು ಅಕ್ಕನನ್ನು ಕಂಡು ವಿಷಯ ಹೇಳಿದೆ. ಅವಳು ಮರಿಕಾರಿನ ಗಾಜು ಒರೆಸುತ್ತಿದ್ದಳು. ಕೇಳಿ ಒರೆಸುವುದನ್ನು ನಿಲ್ಲಿಸಲಿಲ್ಲ. ನಾನೇ ಭಾವನ ಹತ್ತಿರ ಮಾತಾಡಿ ನೋಡುತ್ತೇನೆ ಎಂದೆ.

"ಬ್ಯಾಡ ಕೊಟ್ರ" ಎಂದಳು. "ಅವ್ರಿಗೆ ಇರೋದೇ ಆ ಕಾರೊಂದು. ಅದನ್ನ ತೆಗೀರಿ ಅಂತ ನಾನು ಹೇಳಂಗಿಲ್ಲ, ನೀನೂ ಹೇಳ್ಬ್ಯಾಡ. ನೀನು ಕಂಡಿದ್ದನ್ನ ಬರಿ. ಬೀದಿ ಮುಚ್ಚಿದ್ರೆ ಇದನ್ನ ಯಾರಿಗಾದ್ರೂ ಕೊಟ್ಟು ನಡ್ಕೊಂಡು ಹೋಗ್ತೀನಿ."

ನಿನ್ನ ಕಾಲು ನಡೆಯುತ್ತದೆಯೇ ಎಂದು ಕೇಳಿದೆ. ನಡೆದಷ್ಟು ದೂರ ನಡೆಯುತ್ತದೆ ಎಂದಳು. ಉಳಿದ ಮನೆಗಳ ಗತಿ ಏನು ಎಂದರೆ ಬಟ್ಟೆ ಹಿಂಡಿ ಹಿಂದಿನ ಗಾಜು ಒರೆಸತೊಡಗಿದಳು. ನಾವಿಬ್ಬರೂ ನಿಂತಿದ್ದದ್ದು ಶೆಡ್ಡಿನ ಗೋಡೆಗೆ ಒತ್ತಿಕೊಂಡು. ಭಾವ ಊಟ ಮಾಡಿ ಮಲಗಿದ್ದಾರೆ ಎಂದು ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಅವರು ಶೆಡ್ಡಿನೊಳಗೆ ತಮ್ಮ ಕಾರಿನಲ್ಲಿ ಕಿಟಕಿ ಇಳಿಸಿಕೊಂಡು ಕೂತಿದ್ದರು. ಇದು ನಮಗೆ ಗೊತ್ತಾದದ್ದು ಕೆಲವು ದಿನದ ಮೇಲೆ, ಅವರೇ ಹೇಳಿದಾಗ.

ಮಾರನೇ ದಿನ ಅಕ್ಕ ಚೀಲ ಹಿಡಿದು ಹೊರಟಾಗ ಭಾವ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರಂತೆ. ಎಲ್ಲಿಗೆ ಎಂದು ಅವಳು ಕೇಳಿದ್ದಕ್ಕೆ, ನೀನು ಎಲ್ಲಿಗೆ ಹೋಗುತ್ತೀಯೋ ಅಲ್ಲಿಗೆ ಎಂದರಂತೆ. ಅವಳು ಮತ್ತೇನೂ ಕೇಳದೆ ಪಕ್ಕದ ಬಾಗಿಲು ತೆರೆದಳು. ಭಾವ ಎತ್ತರದ ಆಳು. ತಲೆ ಬಗ್ಗಿಸಿ, ಮೊಣಕಾಲು ಮಡಚಿ, ಹೇಗೋ ಒಳಗೆ ಕೂತರು. ನಾಲ್ಕು ವರ್ಷದ ಮೇಲೆ ಬೀದಿಯ ಬಾಯಿ ದಾಟಿದರು.

ಆ ದಿನದ ಸುತ್ತಾಟವನ್ನು ಅಕ್ಕ ನನಗೆ ಆಮೇಲೆ ಬಿಡಿಸಿ ಬಿಡಿಸಿ ಹೇಳಿದಳು. ಮೊದಲ ಎರಡು ಬೀದಿಯಲ್ಲಿ ಭಾವ ಮುಂದಿನ ಹಲಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಅವಳು ತಿರುವು ತೆಗೆದುಕೊಂಡಾಗ ಅವರ ಬಲಗಾಲು ತಾನಾಗಿ ಬ್ರೇಕ್ ತುಳಿಯುತ್ತಿತ್ತು, ಅಲ್ಲಿ ಬ್ರೇಕೇ ಇಲ್ಲದಿದ್ದರೂ. ಬುಟ್ಟಿ ಬೀದಿಯ ಹತ್ತಿರ ಬಂದಾಗ ಇದರೊಳಗೆ ಕಾರು ಹೋಗುವುದಿಲ್ಲ ಎಂದರು. ಅವಳು ಹೋದಳು. ನೆಲ್ಲಿಕಾಯಿ ಗಲ್ಲಿಯಲ್ಲಿ ಮತ್ತೆ ಹಾಗೇ ಅಂದರು. ಅಲ್ಲೂ ಹೋಯಿತು. ಆಮೇಲೆ ಅವರು ಅನ್ನುವುದು ಬಿಟ್ಟು ಕಿಟಕಿಯಾಚೆ ನೋಡತೊಡಗಿದರು. ಕಿಟಕಿಗಳಲ್ಲಿ ಕೂತಿದ್ದವರು ಕೈಯೆತ್ತಿ ಏನ್ ಸಿದ್ದಪ್ನೋರೆ, ಎಷ್ಟು ವರ್ಷ ಆಯ್ತು ಎಂದು ಮಾತಾಡಿಸಿದರು. ಮುಖ ಮುಖ ಅಷ್ಟು ಹತ್ತಿರ. ಒಬ್ಬರಂತೂ ನಿಲ್ಲಿಸಿ, ಕಿಟಕಿಯಿಂದಲೇ ಅವರ ಕೈಗೆ ಎರಡು ಚಕ್ಕುಲಿ ಹಾಕಿದರು.

ಸುಣ್ಣದ ಬೀದಿಯಲ್ಲಿ ಹಾಲಮ್ಮ ಎಂಬ ಮುದುಕಿಗೆ ಪಾದದಲ್ಲಿ ಗಾಯ. ಅಕ್ಕ ದಿನ ಬಿಟ್ಟು ದಿನ ಹೋಗಿ ತೊಳೆಯುತ್ತಿದ್ದಳು. ಅವಳು ಕೆಲಸ ಮಾಡುವಾಗ ಭಾವ ಕಾರಿನಲ್ಲೇ ಕೂತಿದ್ದರು. ಕಾರಿನ ಬಾಗಿಲು ಹಾಲಮ್ಮನ ನಡುಮನೆಗೇ ತೆರೆದಿತ್ತಾದ್ದರಿಂದ ಹೊರಗೆ ಕೂತಂತೆಯೂ ಅಲ್ಲ. ಹಾಲಮ್ಮನ ಸೊಸೆ ಪಾರ್ವತಿ ಕಾಫಿ ತಂದುಕೊಟ್ಟಳು. ಅವಳಿಗೆ ಈಗ ನಲವತ್ತರ ಮೇಲೆ. ಗುರುತು ಸಿಕ್ಕಿತೇ ಎಂದು ಕೇಳಿದಳಂತೆ. ಭಾವನಿಗೆ ಸಿಗಲಿಲ್ಲ.

"ನಿಮ್ಮ ಕಾರಲ್ಲೇ ಮದುವಿ ಆಗಿ ಬಂದವಳು ನಾನು" ಎಂದಳು ಪಾರ್ವತಿ. "ನಮ್ಮ ಬೀದಿಯಾಗೆ ಆಗಲೇ ಕಾರು ತಿರುಗಿಸಾಕೆ ಜಾಗ ಇರಲಿಲ್ಲ. ಬೀದಿ ಬಾಯಲ್ಲಿ ಇಳಿಸಿ, ಇಲ್ಲಿಂದ ನಡ್ಕೊಂಡು ಹೋಗವ್ವ ಅಂದ್ರಿ. ರೇಷ್ಮೆ ಸೀರೆ ಎತ್ತಿ ಹಿಡ್ಕೊಂಡು, ಕೆಸರಾಗೆ, ಯಾರ ಮನಿ ಯಾವುದೂಂತ ಗೊತ್ತಿಲ್ದೆ ನಡ್ಕೊಂಡು ಬಂದೆ. ಇವತ್ತು ಬಾಗ್ಲ ತನಕ ಬಂದ್ರಲ್ಲ ಕಾಕಾ."

ಅವಳು ಹಂಗಿಸಿ ಹೇಳಿದ್ದಲ್ಲ. ಸಂತೋಷದಿಂದಲೇ ಹೇಳಿದ್ದು. ಭಾವ ಕಾಫಿ ಲೋಟ ಕೆಳಗಿಟ್ಟರಂತೆ. ಆ ದಿನ ಮಳೆ ಬಂದಿತ್ತೇ ಎಂದು ಕೇಳಿದರು. ಬಂದಿತ್ತು ಎಂದಳು ಪಾರ್ವತಿ. ನನಗೆ ನೆನಪೇ ಇಲ್ಲ ನೋಡು ಎಂದರು ಭಾವ. ಹಿಂತಿರುಗುವ ದಾರಿಯಲ್ಲಿ ಅಕ್ಕನಿಗೆ ಒಂದೇ ಮಾತು ಹೇಳಿದರು. ಹಾಗೆ ಬೀದಿ ಬಾಯಲ್ಲಿ ಇಳಿಸಿಬಂದ ಹೆಣ್ಣುಮಕ್ಕಳು ಎಷ್ಟು ಜನವೋ, ತಾನು ತಿರುಗಿ ನೋಡಿದವನೇ ಅಲ್ಲ, ಎಂದು.

ಮರುದಿನ ಬೆಳಿಗ್ಗೆ ಭಾವ ಶೆಡ್ಡಿನಲ್ಲಿ ಕಾರು ಒರೆಸಲಿಲ್ಲ. ಸ್ಪ್ಯಾನರುಗಳ ಪೆಟ್ಟಿಗೆ ತೆಗೆದು, ಹಳೆಯ ಲುಂಗಿಯೊಂದನ್ನು ನೆಲಕ್ಕೆ ಹಾಸಿ, ಮುಂದಿನ ಬಲಗಡೆಯ ಬಾಗಿಲು ಬಿಚ್ಚತೊಡಗಿದರು. ಸದ್ದು ಕೇಳಿ ಅಕ್ಕ ಬಂದು ನೋಡಿದಳು. ಅವಳು ಹೇಳಿಕಳಿಸಿದ್ದಕ್ಕೆ ನಾನು ಓಡಿ ಹೋದೆ. ಭಾವ, ಯಾಕೆ, ಯಾರು ಹೇಳಿದರು ಎಂದು ಕೇಳಿದೆ. ಯಾರು ಹೇಳಬೇಕು, ನನ್ನ ಕಾರು ಎಂದರು. ಈ ಬೋಲ್ಟು ತುಕ್ಕು ಹಿಡಿದಿದೆ, ಎಣ್ಣೆ ತಾ ಎಂದರು.

ಇಡಿಯಾಗಿ ಹೊರಬಾರದ ಕಾರು ಬಿಡಿಯಾಗಿ ಹೊರಬರಲು ಹದಿನೆಂಟು ದಿನ ಹಿಡಿಯಿತು. ನಾನು ಕಚೇರಿ ಮುಗಿಸಿ ಸಂಜೆ ಹೋಗಿ ಕೈಜೋಡಿಸುತ್ತಿದ್ದೆ. ಭಾವ ಯಾವುದನ್ನೂ ಒಡೆಯಲು ಬಿಡಲಿಲ್ಲ. ಪ್ರತಿಯೊಂದು ತಿರುಪುಮೊಳೆಯನ್ನೂ ಬಿಚ್ಚಿ, ಒರೆಸಿ, ಡಬ್ಬಿಗೆ ಹಾಕಿದರು. ಬಾಗಿಲ ಒಳಮಡಿಕೆಯಲ್ಲಿ ಒಣಗಿದ ಅಕ್ಕಿಕಾಳು, ಒಂದು ಬಳೆಚೂರು, ಯಾವುದೋ ಮಗುವಿನ ಗೆಜ್ಜೆ ಸಿಕ್ಕವು. ಇಂಜಿನ್ ಎತ್ತುವ ದಿನ ಬೀದಿಯ ಗಂಡಸರೆಲ್ಲ ಬಂದರು. ಹಗ್ಗ ಕಟ್ಟಿ, ಬಿದಿರಿಗೆ ತೂಗುಹಾಕಿ, ಇಬ್ಬರು ಮುಂದೆ ಇಬ್ಬರು ಹಿಂದೆ ಹೆಗಲು ಕೊಟ್ಟು ಬೀದಿಯ ಬಾಯಲ್ಲಿ ನಿಂತಿದ್ದ ಗುಜರಿಯವನ ಗಾಡಿಗೆ ಸಾಗಿಸಿದರು. ಭಾವ ಅದರ ಜೊತೆ ಹೋಗಲಿಲ್ಲ. ಶೆಡ್ಡಿನಲ್ಲಿ ಎಣ್ಣೆಯ ಕಲೆ ಕೆರೆಯುತ್ತ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅಂದು ಅವರ ಕಣ್ಣು ಒದ್ದೆಯಾಗಿದ್ದದ್ದನ್ನು ನೋಡಿದೆ. ಆಗಲೇ ಅವರು ಹೇಳಿದ್ದು, ಗೋಡೆಯ ಈಚೆ ಕೂತು ನಮ್ಮಿಬ್ಬರ ಮಾತು ಕೇಳಿಸಿಕೊಂಡ ವಿಷಯ.

"ನಿಮ್ಮಕ್ಕ ಬೈದಿದ್ರೆ ನಾನು ಇನ್ನೂ ನಾಕು ವರ್ಷ ಅದರಾಗೆ ಕೂತಿರ್ತಿದ್ದೆ" ಎಂದರು. "ಅವಳು ಬೈಲಿಲ್ಲ. ನಡ್ಕೊಂಡು ಹೋಗ್ತೀನಿ ಅಂದ್ಲು."

ಹೊರಮೈಯ ತಗಡನ್ನು ಬೆಸುಗೆಯವನು ಬಂದು ಮೂರು ಭಾಗ ಮಾಡಿಕೊಟ್ಟ. ಸ್ಟಿಯರಿಂಗನ್ನಾದರೂ ಇಟ್ಟುಕೊಳ್ಳಿ ಎಂದು ಅಕ್ಕ ಹೇಳಿದಳು. ಇಟ್ಟುಕೊಂಡು ಏನು ತಿರುಗಿಸಲಿ ಎಂದು ಭಾವ ಅದನ್ನೂ ಕಳಿಸಿಬಿಟ್ಟರು. ಹಿಂದಿನ ಸೀಟೊಂದನ್ನು ಮಾತ್ರ ಉಳಿಸಿಕೊಂಡರು, ಅದೂ ತಮಗಲ್ಲ. ನಡುಮನೆಯ ಗೋಡೆಗೆ ಒರಗಿಸಿ ಇಟ್ಟರೆ ಅಕ್ಕನ ಹತ್ತಿರ ಮನೆಗೇ ಬರುವವರು ಕೂರಬಹುದು ಎಂದು. ಕೊನೆಯ ಎರಡು ದಿನದಲ್ಲಿ ಶೆಡ್ಡಿನ ಮುಂಗೋಡೆಯನ್ನೂ ಬಾಗಿಲನ್ನೂ ತೆಗೆಸಿದರು. ಬೀದಿಯ ನಡುವೆ ಒಂದು ಬಾಯಿ ತೆರೆದಂತಾಯಿತು. ಗಾಳಿ ಬಂತು. ರಾತ್ರಿ ಕಾರು ನಿಲ್ಲಿಸಲೆಂದು ಅಕ್ಕ ಅಲ್ಲಿಗೇ ಪ್ಲಗ್ಗು ಹಾಕಿಸಿದಳು. ಹೊಸ್ತಿಲ ಮೇಲಿನ ವೈರು ಹೋಯಿತು.

ಕಾರ್ತಿಕದ ಮೊದಲನೇ ಸೋಮವಾರ ನಾನು ಕೋಲು ಹಿಡಿದು ಹೊರಟೆ. ಈ ವರ್ಷ ಹನ್ನೊಂದು ಬೀದಿಗಳನ್ನು ವಾಹನಗಳಿಗೆ ಮುಚ್ಚಿದೆ. ಬೈಗುಳ ತಿಂದೆ. ಕಂಚುಗಾರರ ಬೀದಿಯನ್ನು ಕಡೆಗೆ ಉಳಿಸಿಕೊಂಡಿದ್ದೆ. ಅಲ್ಲಿಗೆ ಬಂದಾಗ ಸಂಜೆ ನಾಲ್ಕು ಗಂಟೆ ಇರಬಹುದು. ಗೋಡೆಯಿಂದ ಗೋಡೆಗೆ ಅಳೆದೆ, ಎರಡು ಬೆರಳು ಕಮ್ಮಿ. ಶೆಡ್ಡಿನ ಹಿಂಗೋಡೆಯವರೆಗೆ ಅಳೆದೆ. ಜಾಗ ಉಂಟು, ಬೀದಿ ತೆರೆದಿದೆ ಎಂದು ನನ್ನ ಪುಸ್ತಕದಲ್ಲಿ ಬರೆದು ರುಜು ಹಾಕಿದೆ. ಕಿಟಕಿಗಳಲ್ಲಿ ಕೂತಿದ್ದವರು ಉಸಿರುಬಿಟ್ಟದ್ದು ನನಗೆ ಕೇಳಿಸಿತು.

ತಲೆಯೆತ್ತಿ ನೋಡಿದರೆ ಹಸಿರು ಮರಿಕಾರಿನಲ್ಲಿ ಅಕ್ಕ ಈಚೆ ಬದಿಗೆ ಕೂತಿದ್ದಳು, ಚೀಲ ತೊಡೆಯ ಮೇಲೆ. ಸ್ಟಿಯರಿಂಗ್ ಹಿಡಿದು ಕೂತವರು ಭಾವ. ಮೊದಲ ಸಲ. ಬೆನ್ನು ನೆಟ್ಟಗೆ ಮಾಡಿ, ಕನ್ನಡಿ ಸರಿಪಡಿಸಿ, ಬೀಗದ ಕೈ ತಿರುಗಿಸಿದರು. ಎಡಗಾಲು ಕ್ಲಚ್ಚಿಗಾಗಿ ನೆಲವನ್ನು ತಡಕಾಡಿ ಏನೂ ಸಿಗದೆ ಹಿಂದೆ ಬಂತು. ಕಾಯ್ದರು. ಇಂಜಿನ್ನಿನ ಗುಡುಗಿಲ್ಲ, ನಡುಕವಿಲ್ಲ. ಕೆಟ್ಟಿದೆಯೇನೋ ಎಂದುಕೊಂಡು ಮತ್ತೆ ಬೀಗದ ಕೈಗೆ ಕೈಹಾಕಿದರು. ಅಷ್ಟರಲ್ಲಿ ಅವರ ಬಲಗಾಲು ಎಲ್ಲೋ ಸ್ವಲ್ಪ ಒತ್ತಿರಬೇಕು, ಚಕ್ರ ಅರ್ಧ ಸುತ್ತು ಮುಂದೆ ಬಂದಿತ್ತು. ಅವರಿಗೆ ಗೊತ್ತಾಗಿರಲಿಲ್ಲ. ಅಕ್ಕ ಅವರ ಕೈ ಮೇಲೆ ತನ್ನ ಕೈಯಿಟ್ಟಳು.

"ಸದ್ದಿಗೆ ಕಾಯಬ್ಯಾಡ್ರಿ" ಎಂದಳು. "ಆಗಲೇ ಹೊರಟೈತಿ."

ನಾನು ಕೋಲನ್ನು ನೆಟ್ಟಗೆ ಹಿಡಿದು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆ.